ಗ್ಯಾಸ್ ಮಾತ್ರೆ ಮತ್ತು ಒಂಬತ್ತು ದಿನ

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ಕಡೆಯ ಒಂದು ಸಣ್ಣ ಪೇಟೆಯಲ್ಲಿರುವ ಮೆಡಿಕಲ್ ಶಾಪ್. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ಇಲ್ಲಿ ಬರೆಯುತ್ತಿರುವುದು ಒಬ್ಬರೇ ಹೆಂಗಸಿನ ವಿಷಯ. ಅವರ ಹೆಸರು ಹಾಕುವುದಿಲ್ಲ. ಅಂಗಡಿಗೆ ಬಂದರೆ ನಾನು ಅಕ್ಕ ಅಂತ ಕರೆಯುತ್ತೇನೆ, ಇಲ್ಲಿಯೂ ಹಾಗೇ ಇರಲಿ. ಅವರ ಗಂಡ ನನಗೆ ಭಾವ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಅಕ್ಕ ಮಾತ್ರ ಒಂದು ಷರತ್ತು ಹಾಕಿದರು: "ನೀನು ಕೊಟ್ಟ ಗ್ಯಾಸ್ ಮಾತ್ರೆಯನ್ನೂ ಬರಿ ಆಯ್ತಾ. ಅದನ್ನು ಬಿಡ್ಲಿಕ್ಕಿಲ್ಲ."

ನಮ್ಮ ಕಡೆ ಯಾರಿಗೆ ಹಾರ್ಟ್ ಅಟ್ಯಾಕ್ ಆದ ಸುದ್ದಿ ಬಂದರೂ ಮಾತು ಕೊನೆಗೆ ಮಂಗಳೂರಿನ ದಾರಿಗೆ ಬಂದು ನಿಲ್ಲುತ್ತದೆ. ದೂರ, ಗಡಿ, ಟ್ರಾಫಿಕ್. ಸುಮ್ನೆ ಹೇಳುವ ಮಾತಲ್ಲ ಅದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಗಡಿ ರಸ್ತೆಗಳು ಮುಚ್ಚಿದಾಗ, ಮಂಗಳೂರು ದಾರಿಯ ಗಡಿಯಾದ ತಲಪಾಡಿ ದಾಟಲಾಗದೆ ಕಾಸರಗೋಡಿನ ರೋಗಿಗಳು ತೀರಿಕೊಂಡದ್ದು ಇಲ್ಲಿ ಯಾರೂ ಮರೆತಿಲ್ಲ. ನಾನೂ ಯಾವಾಗಲೂ ದಾರಿಯನ್ನೇ ದೂರುತ್ತಿದ್ದವನು. ಅಕ್ಕನ ವಿಷಯದಲ್ಲಿ ಯಾವ ಹೊತ್ತಿಗೆ ಏನಾಯಿತು ಎಂದು ಹಳೆಯ ಬಿಲ್ ಪುಸ್ತಕದ ಹಿಂದೆ ಬರೆದು ನೋಡಿದೆ. ಆಮೇಲೆ ನನ್ನ ದೂರು ಸ್ವಲ್ಪ ಬದಲಾಯಿತು.

ಅಕ್ಕನ ಹಿಂದಿನ ಕತೆ

ವಯಸ್ಸು 56. ಎರಡೂವರೆ ಎಕರೆ ಅಡಿಕೆ ತೋಟ, ಎರಡು ದನ. ತೋಟ ತಗ್ಗಿನಲ್ಲಿ, ಮನೆ ಗುಡ್ಡದ ಮೇಲೆ. ನಡುವೆ ಅರುವತ್ತರಷ್ಟು ಮೆಟ್ಟಿಲು. ಎಂಟು ವರ್ಷದಿಂದ ಶುಗರ್. ಬಿಪಿಯೂ ಉಂಟು. ಮಾತ್ರೆ ತಲೆ ತಿರುಗಿದ ದಿನ ಮಾತ್ರ. ಬೀಡಿ ಸಿಗರೇಟಿನ ಮಾತೇ ಇಲ್ಲ. ಊಟ ಆದ ಮೇಲೆ ಎಲೆ ಅಡಿಕೆ, ಅದರ ಜೊತೆ ಚಿಟಿಕೆ ಹೊಗೆಸೊಪ್ಪು.

ಇದಿಷ್ಟು ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಮೂವತ್ತು ವರ್ಷದ ಹಿಂದೆ ಚೊಚ್ಚಲ ಬಸುರಿನಲ್ಲಿ ಅಕ್ಕನಿಗೆ ಬಿಪಿ ವಿಪರೀತ ಏರಿ, ಕಾಲು ಮುಖ ಊದಿ, ಎಂಟನೇ ತಿಂಗಳಿಗೇ ಹೆರಿಗೆ ಮಾಡಿಸಬೇಕಾಗಿ ಬಂದಿತ್ತು. ಎರಡನೆಯದರಲ್ಲಿ ಶುಗರ್ ಕಾಣಿಸಿಕೊಂಡು, ಹೆರಿಗೆ ಆದ ಮೇಲೆ ಹೋಗಿತ್ತು. ಮಗು ಉಳಿಯಿತು, ತಾಯಿ ಉಳಿದಳು, ಕತೆ ಮುಗಿಯಿತು ಅಂತ ಎಲ್ಲರೂ ಮರೆತರು. ಆದರೆ ಹೃದಯ ಮರೆಯುವುದಿಲ್ಲ. ಬಸುರಿನಲ್ಲಿ ಹಾಗೆ ಬಿಪಿ ಏರಿದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಬಸುರಿನ ಶುಗರ್, ದಿನ ತುಂಬದ ಹೆರಿಗೆ, ಮುಟ್ಟು ಬೇಗ ನಿಲ್ಲುವುದು, ಇವೆಲ್ಲ ಅದೇ ಲೆಕ್ಕಕ್ಕೆ ಸೇರುತ್ತವೆ. ಇನ್ನು ಸಕ್ಕರೆ ಕಾಯಿಲೆ ಗಂಡಸಿನ ಹೃದಯಕ್ಕಿಂತ ಹೆಂಗಸಿನ ಹೃದಯಕ್ಕೆ ಜಾಸ್ತಿ ಪೆಟ್ಟು ಕೊಡುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಬ್ಬರೇ ಒಬ್ಬರು ಹೆಂಗಸಿನ ಹತ್ತಿರ "ಬಸುರಿನಲ್ಲಿ ಬಿಪಿ ಇತ್ತಾ?" ಅಂತ ಕೇಳಿದವನಲ್ಲ. ಅದು ನನ್ನ ಕೆಲಸ ಅಂತಲೇ ಅನಿಸಿರಲಿಲ್ಲ.

ಎಂಟು ದಿನ

ಧನು ತಿಂಗಳು. ಅಂಗಳ ತುಂಬಾ ಅಡಿಕೆ. ಸುಲಿಯುವವರು ಬರುವ ಹೊತ್ತು.

ಮೊದಲ ದಿನ, ಸೋಮವಾರ. ತೋಟದಿಂದ ಹುಲ್ಲಿನ ಕಟ್ಟ ಹೊತ್ತು ಮೇಲೆ ಬರುವಾಗ ಅಕ್ಕನಿಗೆ ಅರ್ಧ ದಾರಿಯಲ್ಲಿ ಉಸಿರು ಸಾಲಲಿಲ್ಲ. ಎಡ ದವಡೆ ಸೆಳೆಯಿತು. ಮೆಟ್ಟಿಲಲ್ಲೇ ಕೂತರು. ಐದು ನಿಮಿಷಕ್ಕೆ ಸರಿಯಾಯಿತು. ಮನೆಯಲ್ಲಿ ಹೇಳಿದ್ದು ಇಷ್ಟೇ: "ಎಂತದೋ ಬಚ್ಚುತ್ತದೆ." ನಮ್ಮಲ್ಲಿ ಬಚ್ಚುವುದು ಅಂದರೆ ಸುಸ್ತು. ಗದ್ದೆ ಕೆಲಸ ಮಾಡಿದವರೂ ಹೇಳುತ್ತಾರೆ, ನಿದ್ದೆ ಬಿಟ್ಟವರೂ ಹೇಳುತ್ತಾರೆ, ಹೃದಯ ಕೆಟ್ಟವರೂ ಹೇಳುತ್ತಾರೆ. ಅದನ್ನು ಕೇಳಿ ಯಾರೂ ತಿರುಗಿ ನೋಡುವುದಿಲ್ಲ.

ಮೂರನೇ ದಿನ ಭಾವ ಅಂಗಡಿಗೆ ಬಂದರು. ಅವರದೇ ಬಿಪಿ ಮಾತ್ರೆ ತೆಗೆದುಕೊಂಡು, ಹೊರಡುವ ಮೊದಲು "ಒಂದು ಗ್ಯಾಸಿಂದು ಕೊಡು" ಅಂದರು. "ಯಾರಿಗೆ?" "ಅವಳಿಗೆ. ಎದೆ ಹತ್ತಿರ ಎಂತದೋ ಒತ್ತಿದ ಹಾಗೆ ಆಗ್ತದಂತೆ." ಪ್ಯಾಂಟೊಪ್ರಜೋಲ್ ಒಂದು ಸ್ಟ್ರಿಪ್ ಕೊಟ್ಟೆ. ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ಕೊಡುವುದು ಮಾತ್ರ ದಿನಾ ನಡೆಯುತ್ತದೆ. ಎದೆ ಅನ್ನುವ ಶಬ್ದ ನನ್ನ ಕಿವಿಗೆ ಬಿದ್ದಿತ್ತು. ಗಂಡಸು ಬಂದು ತನ್ನ ಎದೆಗೆ ಕೈ ಇಟ್ಟು ಹೇಳಿದ್ದರೆ ನಾನು ಖಂಡಿತ ಎದ್ದು ನಿಲ್ಲುತ್ತಿದ್ದೆ.

ಐದನೇ ದಿನ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋದರು, ದವಡೆ ನೋವಿಗೆ. ಅಲ್ಲಿ ಒಂದು ಹುಳುಕು ಹಲ್ಲು ಸಿಕ್ಕಿತು. 56ರ ವಯಸ್ಸಿನಲ್ಲಿ ಹುಡುಕಿದರೆ ಯಾರ ಬಾಯಲ್ಲೂ ಒಂದು ಸಿಗುತ್ತದೆ, ಅಲ್ವಾ? ನೋವಿನ ಮಾತ್ರೆ ಬಂತು. ಏಳನೇ ದಿನ ಒಂದು ಕ್ಲಿನಿಕ್. ಬಿಪಿ 150/90. ಮನೆಯಲ್ಲಿ ಏನಾದರೂ ಟೆನ್ಷನ್ ಉಂಟಾ ಅಂತ ಕೇಳಿದರು. ಮಗಳ ಮದುವೆಯ ಸಾಲ ಇನ್ನೂ ಇದ್ದ ಮನೆ, ಇಲ್ಲ ಅನ್ನಲಾದೀತೇ? ವಿಟಮಿನ್ ಮಾತ್ರೆ, ರಾತ್ರಿಗೆ ನಿದ್ದೆಯ ಮಾತ್ರೆ. ಇಸಿಜಿ ತೆಗೆಯಲಿಲ್ಲ. ಆ ಚೀಟಿಯ ಮದ್ದನ್ನೂ ಕೊಟ್ಟವನು ನಾನೇ.

ಈಗ ಹಿಂದಕ್ಕೆ ನೋಡಿದರೆ ಎಲ್ಲವೂ ಎದುರಿಗೇ ಇತ್ತು. ಗ್ಯಾಸ್ ಊಟಕ್ಕೆ ಸಂಬಂಧ ಇಟ್ಟುಕೊಂಡು ಬರುತ್ತದೆ. ಅಕ್ಕನ ನೋವಿಗೆ ಸಂಬಂಧ ಇದ್ದದ್ದು ಮೆಟ್ಟಿಲಿಗೆ. ಹತ್ತಿದರೆ ಬರುತ್ತಿತ್ತು, ಕೂತರೆ ಹೋಗುತ್ತಿತ್ತು. ಹೃದಯದ ರಕ್ತನಾಳ ಕಿರಿದಾದಾಗ ಆಗುವುದೇ ಹೀಗೆ. ಕೂತಿದ್ದಾಗ ಸಾಲುವ ರಕ್ತ, ಹತ್ತುವಾಗ ಸಾಲುವುದಿಲ್ಲ. ಹೆಂಗಸರಿಗೆ ಎದೆನೋವು ಬರುವುದೇ ಇಲ್ಲ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಅವರಲ್ಲೂ ಎದೆಯ ತೊಂದರೆಯೇ ಮುಖ್ಯ ಲಕ್ಷಣ. ಆದರೆ ಅದರ ಜೊತೆ ದವಡೆ, ಬೆನ್ನು, ಉಬ್ಬಸ, ವಾಂತಿ, ಸುಸ್ತು ಗಂಡಸರಿಗಿಂತ ಹೆಚ್ಚು ಸಲ ಬರುತ್ತವೆ. ಹೇಳುವವರೂ ಕೇಳುವವರೂ ಆ ಬದಿಯ ಲಕ್ಷಣವನ್ನೇ ಹಿಡಿದುಕೊಂಡು ಹೋಗುತ್ತಾರೆ.

ಇದು ನಮ್ಮ ಊರಿನ ದಡ್ಡತನ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲೇ ಇದನ್ನು ಬರೆದಿದ್ದರು. ಹೆಂಗಸು ತನಗೂ ಗಂಡಸಿನ ಹಾಗೆಯೇ ಹೃದ್ರೋಗ ಇದೆ ಎಂದು ಮೊದಲು ಸಾಬೀತು ಮಾಡಬೇಕು, ಆಮೇಲೆ ಮಾತ್ರ ಗಂಡಸಿಗೆ ಸಿಗುವ ಚಿಕಿತ್ಸೆ ಅವಳಿಗೆ ಸಿಗುತ್ತದೆ ಅನ್ನುವುದು ಅವರ ಮಾತಿನ ತಾತ್ಪರ್ಯ. 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವೂ ಅದನ್ನೇ ಹೇಳಿತು. 2019ರಲ್ಲಿ ಜಗತ್ತಿನಲ್ಲಿ ಸತ್ತ ಹೆಂಗಸರಲ್ಲಿ ನೂರಕ್ಕೆ 35 ಮಂದಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸತ್ತವರು. ಆದರೂ ಅವರ ಕಾಯಿಲೆಯನ್ನು ಗುರುತಿಸುವುದೂ ಕಡಿಮೆ, ಚಿಕಿತ್ಸೆಯೂ ಕಡಿಮೆ. ನಮ್ಮ ಕೇರಳದಲ್ಲಿ 2007ರಿಂದ 2009ರವರೆಗೆ 125 ಆಸ್ಪತ್ರೆಗಳಲ್ಲಿ 25,748 ಹೃದಯಾಘಾತದ ರೋಗಿಗಳ ದಾಖಲೆ ತೆಗೆದಿದ್ದರು. ಅದರಲ್ಲಿ ಹೆಂಗಸರು ಸುಮಾರು ನಾಲ್ಕರಲ್ಲಿ ಒಬ್ಬರು. ಹೆಂಗಸರಿಗೆ ಕಾಯಿಲೆ ಕೆಲವು ವರ್ಷ ತಡವಾಗಿ ಬರುವುದು ನಿಜ. ಆದರೆ ಆಸ್ಪತ್ರೆ ಮುಟ್ಟದೆ, ಲೆಕ್ಕಕ್ಕೇ ಸಿಗದೆ ಹೋದವರು ಎಷ್ಟೋ. ಅಕ್ಕನ ತಾಯಿ ರಾತ್ರಿ "ವಾಯು ಹೊಡೆದು" ನಿದ್ದೆಯಲ್ಲೇ ಹೋದವರು. ಅದು ಯಾವ ವಾಯುವೋ.

ಒಂಬತ್ತನೇ ದಿನ, ಮಂಗಳವಾರ

ಬೆಳಗಿನ ಜಾವ 4:30ಕ್ಕೆ ಅಕ್ಕನಿಗೆ ಎಚ್ಚರ ಆಯಿತು. ಬೆನ್ನಿನ ನಡುವೆ ಒತ್ತಿದ ಹಾಗೆ. ಧನು ತಿಂಗಳ ಚಳಿಯಲ್ಲಿ ರವಕೆ ಒದ್ದೆಯಾಗುವಷ್ಟು ಬೆವರು. ಎರಡು ಸಲ ವಾಂತಿ. ಆಮೇಲೆ ಅವರು ಮಾಡಿದ್ದನ್ನು ಕೇಳಿ. ದನ ಕರೆದರು. ಜೀರಿಗೆ ಕಷಾಯ ಕುಡಿದರು. ಅಡಿಕೆ ಸುಲಿಯುವವರು ಏಳು ಗಂಟೆಗೆ ಬರುತ್ತಾರೆ ಅಂತ ದೋಸೆ ಹುಯ್ಯಲು ನಿಂತರು. "ಎಷ್ಟು ದೋಸೆ ಆಯ್ತು ಅಕ್ಕ?" ಅಂತ ನಾನು ಆಮೇಲೆ ಕೇಳಿದ್ದಕ್ಕೆ, "ಹದಿನಾಲ್ಕೋ ಹದಿನೈದೋ" ಅಂದರು. ಹೃದಯದ ಒಂದು ಭಾಗ ರಕ್ತ ಇಲ್ಲದೆ ಸಾಯುತ್ತಿರುವಾಗ ಹದಿನೈದು ದೋಸೆ.

7:15ಕ್ಕೆ ಒಲೆಯ ಹತ್ತಿರ ಕುಸಿದು ಕೂತರು. ಭಾವ ಸೋಡಾ ಕುಡಿಸಿದರು. ಕಮ್ಮಿ ಆಗಲಿಲ್ಲ. 8:10ಕ್ಕೆ ಸ್ಕೂಟರಿನಲ್ಲಿ ನನ್ನ ಅಂಗಡಿಗೆ ಬಂದು, "ಮೊನ್ನೆದ್ದು ಸಾಲಲಿಲ್ಲ, ಇನ್ನೂ ಗಟ್ಟಿಯದ್ದು ಕೊಡು" ಅಂದರು. ಬೆವರಿದ ವಿಷಯ ಅವರಾಗಿ ಹೇಳಲಿಲ್ಲ, ಬಾಯಿತಪ್ಪಿ ಬಂತು. ಬೆವರು ಅನ್ನುವ ಮಾತಿಗೆ ನನಗೆ ಮೈ ಜುಮ್ ಅಂದಿತು. ಪಕ್ಕದ ಮನೆಯವರಿಗೆ ಫೋನ್ ಮಾಡಿಸಿ, ಅವರ ಕಾರಿನಲ್ಲಿ ಅಕ್ಕನನ್ನು ಪೇಟೆಗೆ ಕರೆಸಿದೆವು. ಅಂಗಡಿಯ ಎರಡು ಬಾಗಿಲು ಆಚೆ ಒಂದು ಲ್ಯಾಬ್. ಇಸಿಜಿ ಮೆಷಿನ್ ಉಂಟು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾವ ವರದಿಯಲ್ಲೂ ಬರದ ಸಂಗತಿ ಇದು. ಲ್ಯಾಬಿನಲ್ಲಿ ಆ ಹೊತ್ತಿಗೆ ಇದ್ದದ್ದು ಹುಡುಗ. ಹುಡುಗಿ ಬರುವುದು ಒಂಬತ್ತೂವರೆಗೆ. ಇಸಿಜಿಗೆ ರವಕೆ ತೆಗೆಯಬೇಕು. ಆರು ತಂತಿಗಳು ಎದೆಗೆ ಬರುತ್ತವೆ, ಎಡಗಡೆಯವು ಮೊಲೆಯ ಕೆಳಗೆ. ಅಕ್ಕ ಸೀರೆಯ ಸೆರಗು ಹಿಡಿದುಕೊಂಡು "ಹುಡುಗಿ ಬರಲಿ, ನಾನು ಕೂರ್ತೇನೆ" ಅಂದರು. ಹುಡುಗನೂ ನೆಲ ನೋಡುತ್ತಾ ನಿಂತ. ನಿಜ ಹೇಳಬೇಕೆಂದರೆ ಎಷ್ಟೋ ಲ್ಯಾಬುಗಳಲ್ಲಿ ಹೆಂಗಸರ ಇಸಿಜಿ ಅಂದಾಜಿನಲ್ಲೇ ನಡೆಯುತ್ತದೆ. ಬಟ್ಟೆ ಸರಿಸದೆ ಎಲ್ಲೋ ಮೇಲೆ ಅಂಟಿಸಿದರೆ ಗೆರೆಗಳೂ ಎಲ್ಲೆಲ್ಲೋ ಹೋಗುತ್ತವೆ. ಕೊನೆಗೆ ಎದುರಿನ ಟೈಲರಿಂಗ್ ಅಂಗಡಿಯ ಹೆಂಗಸನ್ನು ಕೂಗಿದೆ. ಅವರು ಒಂದು ಶಾಲು ಹಿಡಿದು ಒಳಗೆ ಹೋದರು. ಶಾಲಿನ ಅಡಿಯಿಂದ, ಹುಡುಗ ಹೇಳಿದ ಹಾಗೆ, ತಂತಿಗಳನ್ನು ಅವರೇ ಅಂಟಿಸಿದರು. 8:40ಕ್ಕೆ ಕಾಗದ ಹೊರಗೆ ಬಂತು. ಹೃದಯದ ಕೆಳಭಾಗವನ್ನು ತೋರಿಸುವ ಎರಡು, ಮೂರು, ಎವಿಎಫ್ ಅನ್ನುವ ಮೂರೂ ಕಡೆ ಗೆರೆ ಮೇಲೆದ್ದು ನಿಂತಿತ್ತು. ಹೃದಯದ ಕೆಳಭಾಗದ ಅಟ್ಯಾಕ್. ಆ ಭಾಗದ್ದಾದರೆ ವಾಂತಿ, ಹೊಟ್ಟೆ ತೊಳಸುವುದು ಜಾಸ್ತಿ. ಗ್ಯಾಸ್ ಅಂತ ಮೋಸ ಹೋಗುವುದೂ ಜಾಸ್ತಿ.

ಫೋಟೋ ತೆಗೆದು ಮಂಗಳೂರಿನ ಒಬ್ಬ ಹೃದ್ರೋಗ ತಜ್ಞರಿಗೆ ವಾಟ್ಸಾಪ್ ಮಾಡಿದೆ. ನಮ್ಮ ಕರಾವಳಿಗೆ ಈ ರೂಢಿ ತಂದವರು ಮಂಗಳೂರಿನ ಡಾ. ಪದ್ಮನಾಭ ಕಾಮತ್. 2018ರಿಂದ ಹಳ್ಳಿ ಕಡೆಯ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇಸಿಜಿ ಮೆಷಿನ್ ಕೊಡಿಸಿ, ಗೆರೆಯ ಫೋಟೋವನ್ನು ವಾಟ್ಸಾಪ್ ಗುಂಪಿನಲ್ಲಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದವರು. ನಾನು ಕಳಿಸಿದ ಡಾಕ್ಟರು ಬೇರೆ. ನಾಲ್ಕು ನಿಮಿಷದಲ್ಲಿ ಅವರ ಫೋನ್ ಬಂತು. ಆಸ್ಪಿರಿನ್ ಅಗಿದು ನುಂಗಲು ಹೇಳಿ, ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್ ಕೊಡಿ, ಹೊರಡಿಸಿ. ಅಷ್ಟರಲ್ಲಿ ಸುತ್ತ ನಿಂತವರಲ್ಲಿ ಒಬ್ಬರು "ನಾಲಗೆ ಅಡಿಯ ಸಾರ್ಬಿಟ್ರೇಟ್ ಕೊಡಿ" ಅಂತ ಶುರು ಮಾಡಿದರು. ಡಾಕ್ಟರು ಸ್ಪಷ್ಟವಾಗಿ ಬೇಡ ಅಂದರು. ಹೃದಯದ ಕೆಳಭಾಗದ ಅಟ್ಯಾಕಿನಲ್ಲಿ ಬಲಭಾಗಕ್ಕೂ ಪೆಟ್ಟು ಬಿದ್ದಿದ್ದರೆ ರಕ್ತನಾಳ ಹಿಗ್ಗಿಸುವ ಆ ಮಾತ್ರೆಯಿಂದ ಬಿಪಿ ಪಾತಾಳಕ್ಕೆ ಇಳಿಯಬಹುದು. ಅಕ್ಕನ ಬಿಪಿ ಆಗಲೇ 96ಕ್ಕೆ ಬಂದಿತ್ತು. ಸಿನಿಮಾ ನೋಡಿ ಮದ್ದು ಹೇಳುವವರು ಇದನ್ನು ನೆನಪಿಡಬೇಕು.

9:05ಕ್ಕೆ ಕಾರು ಹೊರಟಿತು. ಅಡ್ಯನಡ್ಕ, ವಿಟ್ಲ, ಕಲ್ಲಡ್ಕ, ಬಿ.ಸಿ. ರೋಡ್, ಮಂಗಳೂರು. 10:30ಕ್ಕೆ ಆಸ್ಪತ್ರೆ. ಆಂಜಿಯೋಗ್ರಾಮ್‌ನಲ್ಲಿ ಬಲಗಡೆಯ ಮುಖ್ಯ ರಕ್ತನಾಳ ಪೂರ್ತಿ ಮುಚ್ಚಿತ್ತು. 11:25ಕ್ಕೆ ಬಲೂನ್ ಹಾಕಿ ತೆರೆದು, ಸ್ಟೆಂಟ್ ಇಟ್ಟರು. ಎಡಗಡೆಯ ಒಂದರಲ್ಲಿ ನೂರಕ್ಕೆ 60ರಷ್ಟು ಅಡ್ಡಿ ಇತ್ತು, ಅದನ್ನು ಆಮೇಲೆ ನೋಡೋಣ ಅಂದರು.

ಹೊತ್ತಿನ ಲೆಕ್ಕ

ನೋವು ಶುರುವಾದ 4:30ರಿಂದ ನಾಳ ತೆರೆದ 11:25ರವರೆಗೆ 6 ಗಂಟೆ 55 ನಿಮಿಷ. ಅದರಲ್ಲಿ ಮನೆಯಲ್ಲಿ ಕಳೆದದ್ದು 3 ಗಂಟೆ 40 ನಿಮಿಷ. ನಮ್ಮ ಪೇಟೆಯಲ್ಲಿ 55 ನಿಮಿಷ. ದಾರಿಯಲ್ಲಿ 1 ಗಂಟೆ 25 ನಿಮಿಷ. ಆಸ್ಪತ್ರೆಯೊಳಗೆ 55 ನಿಮಿಷ. ಅದಕ್ಕೂ ಮೊದಲಿನ ಎಂಟು ದಿನ ಈ ಲೆಕ್ಕಕ್ಕೇ ಬಂದಿಲ್ಲ.

ಹಾಗಂತ ದಾರಿಯದ್ದು ಏನೂ ತಪ್ಪಿಲ್ಲ ಅನ್ನಲಾರೆ. ಇಸಿಜಿಯಲ್ಲಿ ಗೊತ್ತಾದ ಮೇಲೆ ಎರಡು ಗಂಟೆಯೊಳಗೆ ಬಲೂನ್ ಹಾಕಲು ಸಾಧ್ಯವಾಗದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಕೊಟ್ಟು ಕಳಿಸಬೇಕು ಅನ್ನುವುದು ಡಾಕ್ಟರುಗಳು ಒಪ್ಪಿದ ಕ್ರಮ. ಅಕ್ಕನಿಗೆ ಅದು 2 ಗಂಟೆ 45 ನಿಮಿಷ ಹಿಡಿಯಿತು. ಗಡಿಯ ಆಚೆ ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಆ ಇಂಜೆಕ್ಷನ್ ಉಚಿತವಾಗಿ ಸಿಗುವ ಏರ್ಪಾಡು ಇದೆ. ನಮ್ಮ ಕಾರು ಆ ತಾಲೂಕುಗಳ ನಡುವಿನಿಂದಲೇ ಹಾದುಹೋಯಿತು. ನಿಲ್ಲಿಸಿ ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಕೇರಳದ ನಾವು ಆ ಯೋಜನೆಯ ಬಾಗಿಲು ತಟ್ಟಬಹುದಿತ್ತೋ ಏನೋ, ತಟ್ಟಿಯೇ ನೋಡಲಿಲ್ಲ.

ಮನೆಗೆ ಬಂದ ಮೇಲೆ

ಆಸ್ಪತ್ರೆಯ ಬಿಲ್ಲಿಗೆ ಅಕ್ಕನ ಬಳೆಗಳನ್ನೇ ಅಡವಿಟ್ಟರು. ಅದನ್ನು ಅಕ್ಕ ಪ್ರತಿ ಸಲ ಹೇಳುತ್ತಾರೆ, ನಗುತ್ತಲೇ. ಐದನೇ ದಿನ ಮನೆ. ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಚೀಟಿ. ಹೃದಯಕ್ಕೆ ಏನು ತಿನ್ನಬೇಕು ಅನ್ನುವ ಒಂದು ಕರಪತ್ರ ಮನೆಯಲ್ಲಿತ್ತು, ಅದು ಮಲಯಾಳದಲ್ಲಿ. ಅಕ್ಕ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ದಿನಾ ಪೇಪರ್ ಓದುತ್ತಾರೆ, ಕನ್ನಡದ್ದು. ಓದಲು ಬರುವ ಹೆಂಗಸಿಗೆ ತನ್ನದೇ ಕಾಯಿಲೆಯ ಬಗ್ಗೆ ಒಂದು ಸಾಲು ಓದಲು ಸಿಗಲಿಲ್ಲ. ನಾನು ಮಾತ್ರೆಯ ಕವರಿನ ಮೇಲೆಲ್ಲ ಕನ್ನಡದಲ್ಲಿ ಬರೆದುಕೊಟ್ಟೆ. ಅದರಿಂದ ಎಲ್ಲ ಸರಿಯಾಯಿತು ಅಂದುಕೊಂಡಿದ್ದೆ.

ಮೂವತ್ತು ದಿನದ ಮಾತ್ರೆಗೆ ಮೂವತ್ತನೇ ದಿನ ಯಾರಾದರೂ ಬರಬೇಕಲ್ಲ. ಬಂದದ್ದು 52ನೇ ದಿನ. ಭಾವನ ಬಿಪಿ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ, ಅದನ್ನು ಪ್ರತಿ ತಿಂಗಳು ನೆನಪಿಸಿ ಕಳಿಸುತ್ತಿದ್ದವರು ಅಕ್ಕನೇ. ವಿಚಾರಿಸಿದರೆ, ಸ್ಟೆಂಟ್ ಮುಚ್ಚದ ಹಾಗೆ ದಿನಕ್ಕೆ ಎರಡು ಸಲ ನುಂಗಬೇಕಾದ ಟಿಕಾಗ್ರೆಲಾರ್ ಅನ್ನು "ರೇಟು ಜಾಸ್ತಿ" ಅಂತ ಒಂದೇ ಸಲಕ್ಕೆ ಇಳಿಸಿದ್ದರು. ಬಿಪಿಗೂ ಹೃದಯಕ್ಕೂ ಕೊಡುವ ರಾಮಿಪ್ರಿಲ್ ಪೂರ್ತಿ ನಿಲ್ಲಿಸಿದ್ದರು, ಒಣ ಕೆಮ್ಮು ಬರುತ್ತದೆ ಅಂತ. ಆ ಕೆಮ್ಮು ಸುಳ್ಳಲ್ಲ. ಆ ಜಾತಿಯ ಮಾತ್ರೆಗಳಿಂದ ಕೆಮ್ಮು ಬರುವುದು ಹೆಂಗಸರಿಗೇ ಹೆಚ್ಚು. ಆದರೆ ಅಕ್ಕ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ರಾಮಿಪ್ರಿಲ್ ಬದಲಿಗೆ ಟೆಲ್ಮಿಸಾರ್ಟಾನ್ ಬಂತು. ಟಿಕಾಗ್ರೆಲಾರ್ ಬದಲಿಗೆ ಕಡಿಮೆ ಬೆಲೆಯ ಕ್ಲೊಪಿಡೊಗ್ರೆಲ್, ಅದೂ ಮೊದಲ ದಿನ ಹೆಚ್ಚಿನ ಪ್ರಮಾಣದಲ್ಲಿ ಶುರು ಮಾಡಿ. ಕೆಮ್ಮು ನಿಂತಿತು. ಮಾತ್ರೆ ನಿಲ್ಲಲಿಲ್ಲ.

ಊಟದ ವಿಷಯದಲ್ಲಿ ಜಗಳವೇ ಆಯಿತು. ಎಣ್ಣೆ ಬಿಡಿ ಅಂದರೆ ಬಿಟ್ಟರು. ಉಪ್ಪಿನ ಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ ಬಿಡಿ ಅಂದರೆ ಮುಖ ಸಣ್ಣ ಮಾಡಿದರು. ಮಳೆಗಾಲಕ್ಕೆ ಭರಣಿಯಲ್ಲಿ ಹಲಸಿನ ಸೊಳೆ ಉಪ್ಪಿಗೆ ಹಾಕದ ಮನೆ ನಮ್ಮಲ್ಲಿ ಮನೆಯೇ ಅಲ್ಲ. ಬಿಪಿ ಇದ್ದವರಿಗೆ ಆ ಭರಣಿ ದೊಡ್ಡ ಶತ್ರು. ಹೊಗೆಸೊಪ್ಪು ಮಾತ್ರ ಒಂದೇ ಮಾತಿಗೆ ಬಿಟ್ಟರು, ನನಗೇ ಆಶ್ಚರ್ಯ.

ನಡೆಯಿರಿ ಅಂದಿದ್ದರು ಡಾಕ್ಟರು. "ಇಡೀ ದಿನ ನಡೀತೇನಲ್ಲ, ಅಡಿಗೆ ಕೋಣೆಯಿಂದ ಹಟ್ಟಿಗೆ" ಅಂದರು ಅಕ್ಕ. ಮಂಗಳೂರಿನಲ್ಲಿ ಹೃದಯದ ರೋಗಿಗಳಿಗೆ ವ್ಯಾಯಾಮದ ತರಬೇತಿ ಕೊಡುತ್ತಾರೆ. ವಾರಕ್ಕೆ ಮೂರು ಸಲ ಯಾರು ಕರೆದುಕೊಂಡು ಹೋಗುವುದು? ಕುಟುಂಬಶ್ರೀ ಅನ್ನುವ ಸ್ವಸಹಾಯ ಗುಂಪಿನ ನಾಲ್ಕು ಹೆಂಗಸರು ಸಂಜೆ ಭಜನಾ ಮಂದಿರದವರೆಗೆ ನಡೆಯಲು ಶುರು ಮಾಡಿದ್ದು ಅಕ್ಕನಿಗೋಸ್ಕರ. ಈಗ ಒಂಬತ್ತು ಮಂದಿ ಹೋಗುತ್ತಾರೆ. ದಾರಿಯಲ್ಲಿ ಮಾತು ಜಾಸ್ತಿ, ನಡಿಗೆ ಕಮ್ಮಿ ಅಂತ ಭಾವನ ದೂರು. ಭಾವ ಈ ನಡುವೆ ಗಂಜಿ ಬೇಯಿಸಲು ಕಲಿತಿದ್ದಾರೆ. ಚಟ್ನಿಯವರೆಗೆ ಇನ್ನೂ ಬಂದಿಲ್ಲ.

ನನ್ನ ಮೇಜಿನಲ್ಲಿ

ನಾನು ಗ್ಯಾಸ್ ಮಾತ್ರೆ ಮಾರುವುದು ನಿಲ್ಲಿಸಿಲ್ಲ. ಆದರೆ ನಲವತ್ತು ದಾಟಿದ ಹೆಂಗಸಿಗೆ ಅಂದರೆ ಸುಮ್ನೆ ಕೊಡುವುದಿಲ್ಲ. ಹತ್ತುವಾಗ, ಹೊರುವಾಗ ಬರುತ್ತದಾ, ಕೂತರೆ ಹೋಗುತ್ತದಾ, ಬೆವರು ಬಂತಾ, ದವಡೆ ಬೆನ್ನು ಹಿಡಿಯುತ್ತದಾ, ಬಸುರಿನಲ್ಲಿ ಬಿಪಿ ಶುಗರ್ ಇತ್ತಾ ಅಂತ ಕೇಳುತ್ತೇನೆ. ಗಂಡ ಬಂದರೆ ಫೋನಿನಲ್ಲಿ ಹೆಂಡತಿಯನ್ನೇ ಮಾತಾಡಿಸುತ್ತೇನೆ. ಸಂಶಯ ಬಂದರೆ ಇಸಿಜಿ, ಆಮೇಲೆ ಡಾಕ್ಟರು. ಹೋದವರಲ್ಲಿ ಹೆಚ್ಚಿನವರಿಗೆ ಏನೂ ಇರಲಿಲ್ಲ. "ನಿನ್ನಿಂದ ದುಡ್ಡು ದಂಡ" ಅಂದವರೂ ಇದ್ದಾರೆ. ಇನ್ನೊಂದು ಭಯವೂ ಉಂಟು. ಒಂದು ಇಸಿಜಿ ಸರಿ ಬಂದರೆ ಹೃದಯ ಸರಿ ಅಂತ ಅರ್ಥ ಅಲ್ಲ. ನೋವು ಮುಂದುವರಿದರೆ ಮತ್ತೆ ತೆಗೆಯಬೇಕು, ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಬೇಕು. ಆ ಕಾಗದ ನೋಡಿ ನೆಮ್ಮದಿಯಿಂದ ಮನೆಗೆ ಹೋಗುವವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟದ ಕೆಲಸ. ಲ್ಯಾಬಿನಲ್ಲಿ ಒಂದು ಪರದೆ ಮತ್ತು ಎರಡು ಮುಂದೆ ಗುಂಡಿಯ ನೈಟಿ ಬಂದಿವೆ. ಹುಡುಗಿ ಈಗ ಎಂಟಕ್ಕೆ ಬರುತ್ತಾಳೆ.

ಅಕ್ಕನ ಎಡಗಡೆಯ ರಕ್ತನಾಳವನ್ನು ನೋಡಲು ಕೊಟ್ಟ ದಿನ ಎರಡು ಸಲ ಮುಂದೆ ಹೋಗಿದೆ. ಒಮ್ಮೆ ಅಡಿಕೆ ಮಾರುವ ಗಡಿಬಿಡಿ. ಈಗ ಮಗಳು ಹೆರಿಗೆಗೆ ಬಂದಿದ್ದಾಳೆ. "ಬಾಣಂತನ ಒಂದು ಮುಗೀಲಿ, ಮತ್ತೆ ಹೋಗುವ" ಅನ್ನುತ್ತಾರೆ. ಬಾಣಂತನಕ್ಕೆ ಬೇಕಾದವರು ನೀವೇ ಅಲ್ವಾ ಅಕ್ಕ, ಅದಕ್ಕೇ ಮೊದಲು ಹೋಗಿ ಬನ್ನಿ ಅಂದೆ. ಕೇಳಲಿಲ್ಲ. ಭಾವನಿಗೆ ಹೇಳಿ ಬರುವ ಶುಕ್ರವಾರಕ್ಕೆ ಕಾರು ಮಾಡಿಸಿದ್ದೇನೆ.

ಮೊನ್ನೆ ಮಗಳು ಕಬ್ಬಿಣದ ಮಾತ್ರೆಗೆ ಬಂದಾಗ ಅವಳ ಕಾರ್ಡು ನೋಡಿದೆ. ಏಳನೇ ತಿಂಗಳು, ಬಿಪಿ 146/94. ನೋಡುತ್ತಿರುವ ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ, ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ನಾನು ಅದೇ ಹಳೆಯ ಬಿಲ್ ಪುಸ್ತಕದಲ್ಲಿ ಅವಳಿಗೂ ಒಂದು ಪುಟ ಮಾಡಿದೆ. ವಯಸ್ಸು 27. ಬಸುರಿನಲ್ಲಿ ಬಿಪಿ. ತಾಯಿಗೆ 56ರಲ್ಲಿ ಸ್ಟೆಂಟ್. ಅಜ್ಜಿ ನಿದ್ದೆಯಲ್ಲಿ ಹೋದವರು.